ಮಸೂದೆಯ ಬೆನ್ನು ಹತ್ತುವುದು ಹೇಗೆ?

ಮಸೂದೆಯೊಂದು ಸಂಸತ್ತಿನಲ್ಲಿ ಅಂಗೀಕಾರವಾಯಿತು ಎಂಬ ಸುದ್ದಿ ಬರುವ ಹೊತ್ತಿಗೆ ಅದರ ಬಗ್ಗೆ ನಾಗರಿಕರು ಏನಾದರೂ ಹೇಳುವ ಕಾಲ ಮುಗಿದೇ ಹೋಗಿರುತ್ತದೆ. ಹೇಳುವುದಿದ್ದರೆ ಕರಡು ಹೊರಬಿದ್ದಾಗ ಹೇಳಬೇಕು, ಇಲ್ಲವೇ ಮಸೂದೆ ಸ್ಥಾಯಿ ಸಮಿತಿಯ ಮುಂದಿದ್ದಾಗ. ಅದಕ್ಕೆ ಮಸೂದೆ ಸಾಗುವ ದಾರಿ ಗೊತ್ತಿರಬೇಕು.

ಕರಡು

ಬಹುಪಾಲು ಮಸೂದೆಗಳನ್ನು ತರುವುದು ಸರ್ಕಾರವೇ. ಸಂಬಂಧಪಟ್ಟ ಸಚಿವಾಲಯ ಕರಡು ಸಿದ್ಧಪಡಿಸಿ, ಕಾನೂನು ಸಚಿವಾಲಯಕ್ಕೆ ತೋರಿಸಿ, ಸಂಪುಟದ ಒಪ್ಪಿಗೆ ಪಡೆಯುತ್ತದೆ. 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಆದರೆ ಇದು ನೀತಿಯೇ ಹೊರತು ಕಾನೂನಲ್ಲ. ಹೀಗಾಗಿ ಜನರ ಕಣ್ಣಿಗೆ ಬೀಳದೆ ನೇರವಾಗಿ ಸದನಕ್ಕೆ ಬರುವ ಮಸೂದೆಗಳೂ ಇವೆ.

ಸಚಿವರಲ್ಲದ ಸದಸ್ಯರು ಖಾಸಗಿ ಮಸೂದೆ ಮಂಡಿಸಬಹುದು. ಶುಕ್ರವಾರದ ಎರಡೂವರೆ ಗಂಟೆ ಅದಕ್ಕೆ ಮೀಸಲು. 1970ರ ನಂತರ ಅಂಥ ಒಂದು ಮಸೂದೆಯೂ ಕಾಯ್ದೆಯಾಗಿಲ್ಲ.

ಮಂಡನೆಯ ದಿನ ಏನು ಓದಬೇಕು?

ಮಸೂದೆಯ ಪ್ರತಿ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಮೊದಲ ಪುಟದಿಂದ ಓದುವುದಕ್ಕಿಂತ ಕೊನೆಯಿಂದ ಓದುವುದು ಒಳ್ಳೆಯದು. ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಖರ್ಚು ಎಷ್ಟೆಂದು ತಿಳಿಸುವ ಹಣಕಾಸು ಟಿಪ್ಪಣಿ, ಯಾವ ವಿಷಯಗಳಲ್ಲಿ ಸರ್ಕಾರವೇ ಮುಂದೆ ನಿಯಮ ಮಾಡಿಕೊಳ್ಳಲಿದೆ ಎಂದು ಹೇಳುವ ಟಿಪ್ಪಣಿ ಎಲ್ಲವೂ ಅಲ್ಲಿರುತ್ತವೆ. ಈ ಮೂರನೆಯದು ಮುಖ್ಯ. ಅರ್ಹತೆ, ಶುಲ್ಕ, ದಂಡನೆಯ ವಿಧಾನ ಎಲ್ಲವನ್ನೂ ‘ನಿಯಮಗಳ ಮೂಲಕ’ ಎಂದು ಬಿಟ್ಟಿದ್ದರೆ, ಸದನ ಒಪ್ಪಿಗೆ ಕೊಡುತ್ತಿರುವುದು ಅರ್ಧ ಕಾನೂನಿಗೆ ಮಾತ್ರ.

ಸಮಿತಿಯಲ್ಲಿ

ಇಲಾಖಾವಾರು ಸ್ಥಾಯಿ ಸಮಿತಿಗಳು 24. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವರಿಗೆ ಇಲ್ಲಿ ಜಾಗವಿಲ್ಲ. ಬಾಗಿಲು ಮುಚ್ಚಿದ ಕೊಠಡಿಯಲ್ಲಿ, ಕ್ಯಾಮೆರಾ ಇಲ್ಲದೆ ಸಭೆ ನಡೆಯುವುದರಿಂದ ಸದಸ್ಯರು ಪಕ್ಷದ ಗೆರೆ ದಾಟಿ ಮಾತಾಡುವುದು ಸಾಧ್ಯವಾಗುತ್ತದೆ. ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ, ತಜ್ಞರ ಅಭಿಪ್ರಾಯ ಪಡೆಯುತ್ತಾರೆ. ಅನೇಕ ಸಲ ಪತ್ರಿಕಾ ಪ್ರಕಟಣೆ ಕೊಟ್ಟು ಸಾರ್ವಜನಿಕರಿಂದಲೂ ಸಲಹೆ ಆಹ್ವಾನಿಸುತ್ತಾರೆ.

ಸಲಹೆ ಬರೆಯುವುದಕ್ಕೂ ಒಂದು ಕ್ರಮವಿದೆ. ‘ಈ ಮಸೂದೆ ಜನವಿರೋಧಿ’ ಎಂದು ನಾಲ್ಕು ಪುಟ ಬರೆದರೆ ಸಮಿತಿಯ ಕೈಗೆ ಏನೂ ಸಿಗುವುದಿಲ್ಲ. ಖಂಡದ ಸಂಖ್ಯೆ, ಈಗಿರುವ ಪದಗಳು, ಅವುಗಳ ಬದಲಿಗೆ ಇರಬೇಕಾದ ಪದಗಳು, ಕಾರಣ ಎರಡು ಸಾಲು. ಹೀಗೆ ಒಂದೊಂದು ಖಂಡಕ್ಕೂ ಪ್ರತ್ಯೇಕವಾಗಿ ಬರೆದರೆ ಅದು ತಿದ್ದುಪಡಿಯ ರೂಪ ಪಡೆಯುತ್ತದೆ.

ಎರಡು ತೊಡಕುಗಳಿವೆ. ಮಸೂದೆಯನ್ನು ಸಮಿತಿಗೆ ಕಳಿಸಲೇಬೇಕೆಂಬ ಕಡ್ಡಾಯವಿಲ್ಲ. ಸಮಿತಿಯ ವರದಿಯನ್ನು ಸರ್ಕಾರ ಒಪ್ಪಲೇಬೇಕೆಂದೂ ಇಲ್ಲ. ಆದರೂ ವರದಿ ದಾಖಲೆಯಾಗಿ ಉಳಿಯುತ್ತದೆ, ಭಿನ್ನಮತದ ಟಿಪ್ಪಣಿಗಳೂ ಅದರಲ್ಲಿ ಸೇರುತ್ತವೆ. ಸಮಿತಿಯನ್ನು ದಾಟದೆ ಬಂದ ಮಸೂದೆಯ ದೋಷಗಳು ಆಮೇಲೆ ನ್ಯಾಯಾಲಯದಲ್ಲಿ, ತಿದ್ದುಪಡಿ ಕಾಯ್ದೆಗಳಲ್ಲಿ ಹೊರಬರುತ್ತವೆ. ಅಷ್ಟರಲ್ಲಿ ಅದರ ಬಿಸಿ ಜನರಿಗೆ ತಟ್ಟಿರುತ್ತದೆ.

ಸದನದಲ್ಲಿ ಖಂಡವಾರು ಚರ್ಚೆ ನಡೆದು, ಪ್ರತಿ ಖಂಡವೂ ಮತಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಧ್ವನಿಮತ. ಯಾರು ಯಾವ ಕಡೆ ಎಂದು ದಾಖಲಾಗಬೇಕಾದರೆ ಸದಸ್ಯರು ಮತವಿಭಜನೆ ಕೇಳಬೇಕು. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಉಲ್ಲಂಘಿಸಿದವರು ಸದಸ್ಯತ್ವವನ್ನೇ ಕಳೆದುಕೊಳ್ಳುವ ಸಾಧ್ಯತೆ ಇರುವುದರಿಂದ, ಮನವೊಲಿಸುವ ಕೆಲಸ ಮತದಾನಕ್ಕೆ ಮೊದಲೇ ಮುಗಿದಿರಬೇಕು.

ಇನ್ನೊಂದು ಮನೆ

ಒಂದು ಸದನ ಒಪ್ಪಿದ್ದನ್ನು ಇನ್ನೊಂದು ಸದನ ಒಪ್ಪಬಹುದು, ತಿದ್ದಬಹುದು, ತಿರಸ್ಕರಿಸಬಹುದು ಅಥವಾ ಸುಮ್ಮನೆ ಇಟ್ಟುಕೊಳ್ಳಬಹುದು. ತಿರಸ್ಕಾರವಾದರೆ, ತಿದ್ದುಪಡಿಯಲ್ಲಿ ಒಮ್ಮತ ಬರದಿದ್ದರೆ ಅಥವಾ ಆರು ತಿಂಗಳು ಕಳೆದರೆ ರಾಷ್ಟ್ರಪತಿ ಜಂಟಿ ಅಧಿವೇಶನ ಕರೆಯಬಹುದು. ಮಸೂದೆಗಾಗಿ ಹೀಗೆ ಕರೆದದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಭಯೋತ್ಪಾದನೆ ತಡೆ. ಲೋಕಸಭೆಯ ಬಲ 543, ರಾಜ್ಯಸಭೆಯದು 245. ಜಂಟಿ ಅಧಿವೇಶನದಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ.

ಸಂವಿಧಾನ ತಿದ್ದುಪಡಿಗೆ ಈ ದಾರಿ ಇಲ್ಲ. ಎರಡೂ ಸದನಗಳು ಪ್ರತ್ಯೇಕವಾಗಿ, ಒಟ್ಟು ಸದಸ್ಯಬಲದ ಬಹುಮತ ಹಾಗೂ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಬೇಕು. ರಾಜ್ಯಸಭೆಯ ನಿಜವಾದ ಬಲ ಇರುವುದು ಇಲ್ಲಿ.

ತದ್ವಿರುದ್ಧವಾದದ್ದು ಮನಿ ಬಿಲ್ ಎಂದು ಕರೆಯುವ ಧನ ಮಸೂದೆ, ಅಂದರೆ ತೆರಿಗೆ, ಸರ್ಕಾರದ ಸಾಲ, ಖರ್ಚಿನಂಥ ವಿಷಯಗಳಿಗಷ್ಟೇ ಸೀಮಿತವಾದದ್ದು. ಅದನ್ನು ಲೋಕಸಭೆಯಲ್ಲೇ ಮಂಡಿಸಬೇಕು. ರಾಜ್ಯಸಭೆಗೆ ಸಿಗುವುದು 14 ದಿನ ಮತ್ತು ಶಿಫಾರಸಿನ ಹಕ್ಕು ಮಾತ್ರ. ಮಸೂದೆ ಈ ಬಗೆಯದೇ ಎಂದು ಪ್ರಮಾಣೀಕರಿಸುವವರು ಸ್ಪೀಕರ್. 2016ರಲ್ಲಿ ಆಧಾರ್ ಮಸೂದೆ ಹೀಗೆ ಬಂದಾಗ ರಾಜ್ಯಸಭೆ ಸೂಚಿಸಿದ ಐದೂ ತಿದ್ದುಪಡಿಗಳನ್ನು ಲೋಕಸಭೆ ಅದೇ ದಿನ ತಳ್ಳಿಹಾಕಿತು. ಹಾಗಾಗಿ ಮಸೂದೆ ಮಂಡನೆಯಾದ ಕೂಡಲೇ ಅದು ಯಾವ ಬಗೆಯದೆಂದು ನೋಡಬೇಕು.

ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇರುವ ಮಸೂದೆಗಳು ಬಿದ್ದುಹೋಗುತ್ತವೆ. ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಹಾಗಾಗಿ ಅಲ್ಲೇ ಮಂಡನೆಯಾಗಿ, ಲೋಕಸಭೆಗೆ ಇನ್ನೂ ಹೋಗದ ಮಸೂದೆ ಉಳಿದುಕೊಳ್ಳುತ್ತದೆ. ಎಚ್.ಡಿ. ದೇವೇಗೌಡರ ಸರ್ಕಾರ 1996ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಹಿಳಾ ಮೀಸಲಾತಿ ಮಸೂದೆ ವಿಸರ್ಜನೆಯೊಂದಿಗೇ ಬಿದ್ದಿತು. 2008ರಲ್ಲಿ ಅದನ್ನು ರಾಜ್ಯಸಭೆಯಲ್ಲಿ ಮಂಡಿಸಲಾಯಿತು. 2010ರಲ್ಲಿ ಅಲ್ಲಿ ಅಂಗೀಕಾರವೂ ಆಯಿತು. ಆದರೆ ರಾಜ್ಯಸಭೆ ಒಪ್ಪಿ ಲೋಕಸಭೆಗೆ ಕಳಿಸಿದ ಮಸೂದೆಗೆ ಆ ರಕ್ಷಣೆ ಇಲ್ಲ. 2014ರಲ್ಲಿ ಅದೂ ಬಿದ್ದಿತು. ಕೊನೆಗೆ ಎರಡೂ ಸದನಗಳು ಒಪ್ಪಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಹೊಸ ಮಸೂದೆಯ ರೂಪದಲ್ಲಿ.

ಅಂಕಿತದ ನಂತರವೂ ಇದೆ

ಧನ ಮಸೂದೆ ಮತ್ತು ಸಂವಿಧಾನ ತಿದ್ದುಪಡಿ ಬಿಟ್ಟರೆ ಉಳಿದವನ್ನು ರಾಷ್ಟ್ರಪತಿ ಒಮ್ಮೆ ಹಿಂದಿರುಗಿಸಬಹುದು. ಸದನಗಳು ಮತ್ತೆ ಒಪ್ಪಿದರೆ ಅಂಕಿತ ತಡೆಯುವಂತಿಲ್ಲ. ಲಾಭದಾಯಕ ಹುದ್ದೆ ಮಸೂದೆಯ ವಿಷಯದಲ್ಲಿ 2006ರಲ್ಲಿ ಅಬ್ದುಲ್ ಕಲಾಂ ಅವರಿಗೆ ಆದದ್ದು ಇದೇ.

ಅಂಕಿತವಾದ ಮಾತ್ರಕ್ಕೆ ಎಲ್ಲ ಕಾಯ್ದೆಗಳೂ ಜಾರಿಯಾಗುವುದಿಲ್ಲ. ಜಾರಿಯ ದಿನಾಂಕವನ್ನು ಸರ್ಕಾರ ಅಧಿಸೂಚಿಸಬೇಕು, ನಿಯಮಗಳನ್ನು ಮಾಡಬೇಕು. 2019ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್‌ನಲ್ಲಿ. ಮಸೂದೆಯ ಬೆನ್ನು ಹತ್ತಿದವರು ಗೆಜೆಟ್‌ವರೆಗೂ ಹೋಗಬೇಕು.

ಸರ್ಕಾರವನ್ನು ಪ್ರಶ್ನಿಸುವುದು

ಮಂತ್ರಿಮಂಡಲ ಹೊಣೆಯಾಗಿರುವುದು ಲೋಕಸಭೆಗೆ. 50 ಸದಸ್ಯರ ಬೆಂಬಲವಿದ್ದರೆ ಅವಿಶ್ವಾಸ ಗೊತ್ತುವಳಿ ಚರ್ಚೆಗೆ ಬರುತ್ತದೆ. ರಾಜ್ಯಸಭೆಗೆ ಈ ಅಧಿಕಾರವಿಲ್ಲ. 1999ರಲ್ಲಿ ವಾಜಪೇಯಿ ಸರ್ಕಾರ ವಿಶ್ವಾಸಮತದಲ್ಲಿ ಒಂದೇ ಮತದಿಂದ ಸೋತದ್ದು ಎಲ್ಲರಿಗೂ ನೆನಪಿದೆ. ಅಂಥ ಗಳಿಗೆಗಳು ಅಪರೂಪ. ದಿನನಿತ್ಯದ ಆಯುಧ ಪ್ರಶ್ನೆ.

ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ಕ್ಕೆ ಪ್ರಶ್ನೋತ್ತರ ವೇಳೆ. ಚುಕ್ಕಿ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20. ಗದ್ದಲದಲ್ಲಿ ಆ ಗಂಟೆ ಕಳೆದರೆ ಉಪಪ್ರಶ್ನೆಯ ಅವಕಾಶ ಹೋದಂತೆಯೇ, ಆಗ ನಿರಾಳವಾಗುವುದು ಸಚಿವರಿಗೆ. ಚುಕ್ಕಿ ಇಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಜಿಲ್ಲಾವಾರು ಅಂಕಿ ಅಂಶ ಬೇಕಾದವರಿಗೆ ಇವೇ ಹೆಚ್ಚು ಉಪಯುಕ್ತ.

ಲೆಕ್ಕ ಕೇಳುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಇದರ ಮುಂದೆ ಬರುತ್ತದೆ. ಇದರ 22 ಸದಸ್ಯರಲ್ಲಿ ರಾಜ್ಯಸಭೆಯವರು 7. 1967ರಿಂದ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಸಲ್ಲುವ ಪರಿಪಾಠವಿದೆ.

ಪ್ರಶ್ನೆ ಕೇಳಿಸಬೇಕೆಂದಿರುವವರು ರಾಜ್ಯದ 28 ಲೋಕಸಭಾ ಸದಸ್ಯರಲ್ಲಿ ತಮ್ಮ ಕ್ಷೇತ್ರದವರಿಗೆ ಅಥವಾ 12 ರಾಜ್ಯಸಭಾ ಸದಸ್ಯರಲ್ಲಿ ಒಬ್ಬರಿಗೆ ಅಧಿವೇಶನಕ್ಕೆ ಸಾಕಷ್ಟು ಮೊದಲೇ ಬರೆಯಬೇಕು. ಪ್ರಶ್ನೆಗೆ 15 ದಿನ ಮುಂಚೆ ಸೂಚನೆ ಕೊಡಬೇಕಾಗುತ್ತದೆ. ಲೋಕಸಭೆಯ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು’ ಎಂಬ ಉತ್ತರ ಬಂದರೆ ಕೈಬಿಡಬೇಡಿ. ಅದು ಭರವಸೆಯ ಲೆಕ್ಕಕ್ಕೆ ಸೇರುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೇ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ ಮತ್ತು ಉತ್ತರದ ದಿನಾಂಕವನ್ನು ನಮೂದಿಸಿ, ಅದು ಏನಾಯಿತೆಂದು ಕೇಳುವಂತೆ ಅದೇ ಸದಸ್ಯರಿಗೆ ಇನ್ನೊಂದು ಪತ್ರ ಬರೆಯಿರಿ.