ಸಾಕ್ಷಿಗಾಗಿ ಕಾದು ಕೂರದೆ ಕರೆ ಮಾಡಿದ ಮೇಲೆ: ನನ್ನ ಅನುಭವ

ಶಿಬಿರದ ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಾಗ ಏನು ಮಾಡಬೇಕು ಎಂಬುದರ ಬಗ್ಗೆ ಈ ಬರಹ. ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ), 1098 (ಮಕ್ಕಳ ಸಹಾಯವಾಣಿ), ಮಕ್ಕಳ ಕಲ್ಯಾಣ ಸಮಿತಿ (ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡುವ ಜಿಲ್ಲಾ ಮಟ್ಟದ ಸಮಿತಿ) ಇವುಗಳ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ. ಹಾವೇರಿ ಜಿಲ್ಲೆಯ ಒಂದು ಧಾರ್ಮಿಕ ಸಂಸ್ಥೆಯ ಬೇಸಿಗೆ ಸಂಸ್ಕಾರ ಶಿಬಿರವನ್ನೂ ಉಚಿತ ಪ್ರಸಾದ ನಿಲಯವನ್ನೂ ಸುಮಾರು 11 ವರ್ಷ ನೋಡಿಕೊಂಡವನು ನಾನು.

ಮೊದಲ ಸಲ ನಾನು ಪೂರ್ತಿ ಸೋತೆ. ಒಬ್ಬ ಹುಡುಗ ಹೇಳಿದ್ದನ್ನು ನೇರವಾಗಿ ಆಡಳಿತ ಸಮಿತಿಯ ಮುಂದಿಟ್ಟೆ. 'ಮೊದಲು ನಮ್ಮಲ್ಲೇ ವಿಚಾರಿಸೋಣ, ಸಂಸ್ಥೆಯ ಮಾನದ ಪ್ರಶ್ನೆ' ಎಂದು ಐದು ಮಂದಿ ಹಿರಿಯರು ಅವನನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ಮೂರನೆಯವರ ಹೊತ್ತಿಗೆ ಅವನ ಮಾತು ತಡವರಿಸಿತು, ಐದನೆಯವರ ಮುಂದೆ 'ಏನೂ ಇಲ್ರಿ' ಎಂದು ತಲೆ ತಗ್ಗಿಸಿದ. ಮರುವಾರ ಅವನ ತಂದೆ ಟ್ರಂಕು ಹೊತ್ತು ಮಗನನ್ನು ಕರೆದೊಯ್ದರು. ಆರೋಪ ಹೊತ್ತಿದ್ದವರನ್ನು ನಾವು ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟೆವು. ಆ ಹಾರವನ್ನು ಪೇಟೆಯಿಂದ ತಂದವನು ನಾನೇ.

ಆನಂತರ ನಾನು ಮಾಡಿಕೊಂಡ ಪದ್ಧತಿ ಸರಳವಾದದ್ದು. ಪುಟಗಳಿಗೆ ಸಂಖ್ಯೆ ಹಾಕಿದ, ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು. ಮಗು ಹೇಳಿದ್ದು ಹೇಳಿದಂತೆಯೇ, ದಿನಾಂಕ ಮತ್ತು ವೇಳೆಯೊಂದಿಗೆ. ನನ್ನ ಕಡೆಯಿಂದ 'ಮುಂದ ಏನಾತು?' ಎಂಬುದರ ಹೊರತು ಪ್ರಶ್ನೆಯಿಲ್ಲ. ಎರಡನೆಯ ಪ್ರಕರಣದಲ್ಲಿ ಒಂಬತ್ತು ವರ್ಷದವನೊಬ್ಬ 'ನಾ ಆ ಖೋಲ್ಯಾಗ ಮಕ್ಕೊಳ್ಳೂದಿಲ್ರಿ' ಎಂದಿದ್ದ. ಆಡಳಿತ ಸಮಿತಿಯವರೊಬ್ಬರು ಅದನ್ನು 'ಕೊಠಡಿಯಲ್ಲಿ ಮಲಗಲು ಅನಾನುಕೂಲ' ಎಂದು ತಿದ್ದಿಸಲು ಬಂದರು. ನಾನು ಪೆನ್ನು ಕೊಡಲಿಲ್ಲ.

ಆ ದಿನ ಅವನು ಮಾತನಾಡಿದ ಎರಡು ಗಂಟೆಯೊಳಗೆ 1098ಕ್ಕೆ ಕರೆ ಮಾಡಿದೆ, ಸಂಜೆ ಠಾಣೆಗೂ ಬರೆದುಕೊಟ್ಟೆ. ಸಾಕ್ಷಿಯಿಲ್ಲದೆ ಹೋದರೆ ನನ್ನ ಮೇಲೆಯೇ ಕೇಸಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಆದರೆ ಪೋಕ್ಸೊದ 19ನೇ ಕಲಮಿನಂತೆ ತಿಳಿಸಲು ಅಪರಾಧವಾದೀತೆಂಬ ಆತಂಕವಿದ್ದರೂ ಸಾಕು, ಸದುದ್ದೇಶದಿಂದ ತಿಳಿಸಿದವನಿಗೆ ಅದೇ ಕಲಮಿನಲ್ಲಿ ರಕ್ಷಣೆಯಿದೆ. ಅಧೀನದವರ ಕೃತ್ಯವನ್ನು ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೇ 21ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆಯಿದೆ. ಮಹಿಳಾ ಅಧಿಕಾರಿಯೊಬ್ಬರು ಸಮವಸ್ತ್ರವಿಲ್ಲದೆ ಹುಡುಗನ ಮನೆಗೆ ಬಂದು, ತಾಯಿಯ ಎದುರಿನಲ್ಲಿ ಹೇಳಿಕೆ ಬರೆದುಕೊಂಡರು. ಅವನು ನಮ್ಮವರ ಮುಂದೆ ಮತ್ತೊಮ್ಮೆ ಬಾಯಿ ಬಿಡಬೇಕಾಗಲಿಲ್ಲ, ಮಾತನ್ನು ಬದಲಿಸಲೂ ಇಲ್ಲ. ತಿಂಗಳೊಳಗೆ ಇನ್ನೂ ಮೂವರು ಮಕ್ಕಳು ತಾವಾಗಿ ಬಂದು ಹೇಳಿದರು. ಈ ಭಾಗದ ಸಂಸ್ಥೆಗಳಲ್ಲಿ ಇಷ್ಟು ಬೇಗ ವರದಿ ಮಾಡಿದವರನ್ನು ನಾನಂತೂ ಕಂಡಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಖರ್ಚೂ ಆಯಿತು. ದಾಸೋಹಕ್ಕೆ ವರ್ಷಕ್ಕೆ 25,000 ರೂಪಾಯಿಯಷ್ಟು ಕೊಡುತ್ತಿದ್ದ ದಾನಿಯೊಬ್ಬರು ಕೈಬಿಟ್ಟರು. ಹುಡುಗನ ತಂದೆತಾಯಿ ಇಬ್ಬರೂ ಕೂಲಿಯವರು; ಜಿಲ್ಲಾ ಕೇಂದ್ರಕ್ಕೆ ಹೋದ ಪ್ರತಿ ದಿನವೂ ಅವರ ಪಗಾರ ತಪ್ಪುತ್ತಿತ್ತು. ಬಸ್ಸಿನ ಖರ್ಚೂ ಸೇರಿ ಏಳೆಂಟು ಸಾವಿರವನ್ನು ನಾನೇ ಹಾಕಿದೆ. ಇಂಥ ತುರ್ತು ಅಗತ್ಯಗಳಿಗೆ ವಿಶೇಷ ಪರಿಹಾರವನ್ನು ಮಕ್ಕಳ ಕಲ್ಯಾಣ ಸಮಿತಿಯೇ ಶಿಫಾರಸು ಮಾಡಲು ಪೋಕ್ಸೊದ 2020ರ ನಿಯಮಗಳಲ್ಲಿ ಅವಕಾಶವಿದೆ ಎಂಬುದು ನನಗೆ ತಡವಾಗಿ ತಿಳಿಯಿತು; ನೀವು ಮೊದಲ ದಿನವೇ ಕೇಳಿರಿ.

ನಡುವೆ ದೂರು ಪೆಟ್ಟಿಗೆಯನ್ನೂ ಇಟ್ಟು ನೋಡಿದೆ. ಕಚೇರಿಯ ಬಾಗಿಲಲ್ಲಿದ್ದಾಗ ಬಂದದ್ದೆಲ್ಲ ಸಾರಿನ ದೂರುಗಳೇ; ನೀರಿನ ಟ್ಯಾಂಕಿನ ಹಿಂದೆ ಇಟ್ಟ ಮೇಲೆ ಚೀಟಿಗಳ ಧಾಟಿ ಬದಲಾಯಿತು. ಬಚ್ಚಲ ಕಡೆಯ ಓಣಿಗೆ ನಾಲ್ಕು ಎಲ್‌ಇಡಿ ದೀಪ ಹಾಕಿಸಿದ್ದಕ್ಕೆ 2,000 ರೂಪಾಯಿ ಹಿಡಿಯಲಿಲ್ಲ, ಪೆಟ್ಟಿಗೆಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಮಕ್ಕಳು ತಾವಾಗಿ ಮಾತನಾಡಲು ನಾನು ದಿನದ ಯಾವ ಹೊತ್ತಿನಲ್ಲಿ ಎಲ್ಲಿ ಕೂರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ತಿಳಿಯಬಾರದವರಿಗೆ ತಿಳಿದರೆ ಅದು ಕೆಟ್ಟಿತು.

ಮೊದಲ ಹುಡುಗನ ಊರಿಗೆ ಕಳೆದ ಕಾರ ಹುಣ್ಣಿಮೆಯ ಮರುದಿನ ಹೋಗಿದ್ದೆ. ಅವನು ಗೋವಾಕ್ಕೆ ದುಡಿಯಲು ಹೋಗಿದ್ದಾನೆಂದು ತಂದೆ ಹೇಳಿದರು. ತಪ್ಪು ನಮ್ಮದೆಂದು ಅವರಿಗೆ ಹೇಳಿ, ನನ್ನ ಫೋನ್ ನಂಬರನ್ನು ಬರೆದುಕೊಟ್ಟು ಬಂದೆ.