ಪೆಟ್ಟು ತಿಂದವರದ್ದೇ ತೀರ್ಪು

ಉಕ್ಕಿನ ಹೆಲ್ಮೆಟ್ ಹಾಕಿಕೊಂಡು ಬೆತ್ತದ ಕತ್ತಿ ಹಿಡಿದು ಹೊಡೆದಾಡುತ್ತೀರಲ್ಲ, ಯಾರು ಗೆದ್ದರು ಅಂತ ಯಾರು ಹೇಳುತ್ತಾರೆ? ಮಧ್ಯಯುಗದ ಟೂರ್ನಮೆಂಟ್‌ಗಳ ಮಾದರಿಯಲ್ಲಿ ಎಸ್‌ಸಿಎ ಎಂಬ ಸಂಸ್ಥೆ ನಡೆಸುವ ಕಾಳಗದಲ್ಲಿ ನಾನು ಹೋರಾಡುತ್ತೇನೆ, ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಸುಲಭ. ಸೋತವರು ಹೇಳುತ್ತಾರೆ.

ಕಣದ ಅಂಚಿನಲ್ಲಿ ಮಾರ್ಷಲ್‌ಗಳು ನಿಂತಿರುತ್ತಾರೆ, ನಿಜ. ಅವರ ಮುಖ್ಯ ಕೆಲಸ ಯಾರಿಗೂ ಗಾಯ ಆಗದ ಹಾಗೆ ನೋಡಿಕೊಳ್ಳುವುದು. ಯಾರದಾದರೂ ಕವಚದ ಪಟ್ಟಿ ಕಳಚಿದರೆ, ಯಾರಾದರೂ ಎಡವಿ ಬಿದ್ದರೆ "ಹೋಲ್ಡ್!" ಎಂದು ಕೂಗುತ್ತಾರೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಆದರೆ ಪೆಟ್ಟು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಹೇಳಬೇಕಾದವರು ಅದನ್ನು ತಿಂದವರೇ. "ಗುಡ್" ಎಂದರೆ ಒಪ್ಪಿದೆ, ಪೆಟ್ಟು ಸರಿಯಾಗಿ ಬಿದ್ದಿದೆ. "ಲೈಟ್" ಎಂದರೆ ಸಾಲದು, ಮುಂದುವರಿಸೋಣ. "ಫ್ಲ್ಯಾಟ್" ಎಂದರೆ ಕತ್ತಿಯ ಅಲಗು ತಾಗಲಿಲ್ಲ, ಚಪ್ಪಟೆ ಬದಿ ತಾಗಿತು. ಈ ಮೂರು ಮಾತುಗಳ ಮೇಲೆ ಇಡೀ ಕಾಳಗ ನಿಂತಿದೆ.

ಎಸ್‌ಸಿಎಯ ಪೂರ್ತಿ ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಲಲ್ಲಿ ಗೆಳೆಯರೆಲ್ಲ ಸೇರಿ ಮಧ್ಯಯುಗದ ಒಂದು ಟೂರ್ನಮೆಂಟ್ ನಡೆಸಿದರು. ಅಲ್ಲಿಂದ ಶುರುವಾಗಿದ್ದು ಇವತ್ತು ಅನೇಕ ದೇಶಗಳಿಗೆ ಹರಡಿದೆ. ಸಂಸ್ಥೆ ತನ್ನ ಪ್ರದೇಶಗಳನ್ನು 'ಕಿಂಗ್‌ಡಮ್' ಎಂದು ಕರೆಯುತ್ತದೆ. ನಾವಿರುವ ಉತ್ತರ ಕ್ಯಾಲಿಫೋರ್ನಿಯಾ 'ವೆಸ್ಟ್' ಎಂಬ ಕಿಂಗ್‌ಡಮ್‌ಗೆ ಸೇರಿದೆ. ಇಲ್ಲಿ ರಾಜ ಯಾರು ಎಂದು ತೀರ್ಮಾನ ಆಗುವುದು ಕ್ರೌನ್ ಟೂರ್ನಮೆಂಟ್‌ನಲ್ಲಿ. ಗೆದ್ದವರು ಕೆಲವು ತಿಂಗಳು ಸಿಂಹಾಸನದಲ್ಲಿ ಕೂರುತ್ತಾರೆ. ಅಂದರೆ ಕಿರೀಟ ಕೂಡ ಸೋತವರ ಬಾಯಿಂದ ಬರುವ ಆ ಒಂದು "ಗುಡ್" ಮೇಲೆಯೇ ನಿಂತಿದೆ. ನನಗೆ ಇದರಲ್ಲಿ ಅತಿ ಹೆಚ್ಚು ಹಿಡಿಸಿದ್ದು ಅದೇ.

ಕತ್ತಿ ಬೆತ್ತದ್ದು. ಕನಿಷ್ಠ ಒಂದೂಕಾಲು ಇಂಚು ದಪ್ಪ ಇರಬೇಕು. ಮೇಲೆ ಗಟ್ಟಿ ಟೇಪ್ ಸುತ್ತಿರುತ್ತೇವೆ, ಅಲಗು ಯಾವ ಕಡೆ ಎಂದು ಗೊತ್ತಾಗುವಂತೆ ಬೇರೆ ಬಣ್ಣದ ಗೆರೆ ಇರುತ್ತದೆ. ಬೆತ್ತ ಬಿದಿರಿನ ಹಾಗೆ ಟೊಳ್ಳಲ್ಲ, ಒಳಗೆಲ್ಲ ನಾರು. ಹಳೆಯದಾದರೆ ಚೂಪಾಗಿ ಮುರಿಯುವುದಿಲ್ಲ, ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅದನ್ನು ಬಳಸುವುದು. ಹಾಗಂತ ಮೆತ್ತಗಿರುತ್ತದೆ ಅಂದುಕೊಳ್ಳಬೇಡಿ. ಪೂರ್ತಿ ಬಲ ಹಾಕಿ ಹೊಡೆಯುತ್ತಾರೆ. ಮೊಣಕಾಲಿನಿಂದ ಕೆಳಗೆ ಹೊಡೆಯುವಂತಿಲ್ಲ, ಮಣಿಕಟ್ಟಿನಿಂದ ಬೆರಳಿನ ತನಕವೂ ಹೊಡೆಯುವಂತಿಲ್ಲ. ಕಾಲಿಗೆ ಸರಿಯಾದ ಪೆಟ್ಟು ಬಿದ್ದರೆ ಮಂಡಿಯೂರಿ ಹೋರಾಡಬೇಕು. ಕೈಗೆ ಬಿದ್ದರೆ ಆ ಕೈಯನ್ನು ಬಳಸುವಂತಿಲ್ಲ. ತಲೆಗೋ ಎದೆಗೋ ಬಿದ್ದರೆ ಮುಗಿಯಿತು.

ಇನ್ನು ಕವಚ. ಎಲ್ಲರಿಗೂ ಕಡ್ಡಾಯವಾದದ್ದು ಇಷ್ಟು: 1.6 ಮಿಲಿಮೀಟರ್‌ಗಿಂತ ತೆಳ್ಳಗಿಲ್ಲದ ಉಕ್ಕಿನ ಹೆಲ್ಮೆಟ್, ಒಳಗೆ ಅರ್ಧ ಇಂಚಿನ ಮೆತ್ತೆ, ಮುಖಕ್ಕೆ ಒಂದು ಇಂಚಿಗಿಂತ ಜಾಸ್ತಿ ಸಂದಿಲ್ಲದ ಜಾಲರಿ. ಕುತ್ತಿಗೆ, ಮೂತ್ರಪಿಂಡ, ಮೊಣಕೈ, ಮೊಣಕಾಲು, ತೊಡೆಸಂದು, ಬೆರಳು ಎಲ್ಲಕ್ಕೂ ರಕ್ಷಣೆ ಇರಲೇಬೇಕು. ಇದರ ಮೇಲೆ ಯಾವ ಕಾಲದ, ಯಾವ ನಾಡಿನ ವೇಷ ಬೇಕಾದರೂ ಹಾಕಬಹುದು, 17ನೇ ಶತಮಾನಕ್ಕೆ ಮುಂಚಿನದಾಗಿದ್ದರೆ ಸಾಕು. ಹೆಚ್ಚಿನವರು ಇಂಗ್ಲೆಂಡ್, ಫ್ರಾನ್ಸ್, ನಾರ್ವೆ ಕಡೆಯ ವೇಷ ಹಾಕುತ್ತಾರೆ. ನಾನು ವಿಜಯನಗರ ಆರಿಸಿಕೊಂಡೆ.

ಅದಕ್ಕೆ ಕಾರಣ ಡೊಮಿಂಗೊ ಪಾಯಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಹಂಪೆಗೆ ಬಂದಿದ್ದ ಈ ಪೋರ್ಚುಗೀಸ್ ಪ್ರವಾಸಿ ಸೈನ್ಯದ ಪ್ರದರ್ಶನವನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಕುದುರೆ ಸವಾರರು ತೊಟ್ಟ ಅಂಗಿಗಳ ಮೇಲೆ ರೇಷ್ಮೆ, ಮಖಮಲ್ಲು. ಒಳಗೆ ಪದರ ಪದರವಾಗಿ ಗಟ್ಟಿ ಹಸಿ ಚರ್ಮ, ಜೊತೆಗೆ ಕಬ್ಬಿಣದ ತಗಡು. ಹೆಲ್ಮೆಟ್‌ಗಳ ಅಂಚು ಕುತ್ತಿಗೆಯನ್ನು ಮುಚ್ಚುವಂತೆ ಇಳಿದಿರುತ್ತಿತ್ತು, ಮುಖಕ್ಕೆ ಬೇರೆಯೇ ತುಂಡು ಇರುತ್ತಿತ್ತು. ಕೊರಳ ಕವಚಗಳು ಕೆಲವು ಚಿನ್ನದ ಲೇಪದವು, ಕೆಲವು ಕನ್ನಡಿಯಂತೆ ಹೊಳೆಯುವ ಉಕ್ಕಿನವು. ಇದನ್ನು ಓದಿದಾಗ ನನಗೆ ರೋಮಾಂಚನ ಆಯಿತು. ಕುತ್ತಿಗೆ, ಮುಖ, ಮೈ, ಅಂದರೆ ನಮ್ಮ ನಿಯಮಗಳು ಕೇಳುವುದು ಬಹುಪಾಲು ಅಲ್ಲೇ ಇತ್ತು.

ಮಾಡಿದ್ದು ಹೀಗೆ. ಒಳಗೆ ದಪ್ಪ ಕ್ಯಾನ್ವಾಸ್, ಅದರ ಮೇಲೆ ಚರ್ಮ, ಹೊರಗೆ ಕೆಂಪು ರೇಷ್ಮೆ ಬೆರೆತ ಹತ್ತಿ. ಚರ್ಮಕ್ಕೆ ಅಂಗೈ ಅಗಲದ ಉಕ್ಕಿನ ತಗಡುಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ರಿವೆಟ್ ಹೊಡೆದು ಕೂರಿಸಿದೆ. ರಿವೆಟ್ ಹೊಡೆಯುವುದನ್ನು ಕಲಿಸಿದವರು ಯುರೋಪಿನ ಬ್ರಿಗಂಡೈನ್ ಕವಚ ಮಾಡುವ ಹಿರಿಯರೊಬ್ಬರು. ಬಟ್ಟೆಯ ಹಿಂದೆ ತಗಡು ಅಡಗಿಸುವ ಉಪಾಯ ಎರಡೂ ಕಡೆ ಒಂದೇ, ಆದ್ದರಿಂದ ಅವರಿಗೆ ನನ್ನ ಅಂಗಿ ಅಪರಿಚಿತ ಅನ್ನಿಸಲೇ ಇಲ್ಲ. ತಗಡಿನ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡುವುದಕ್ಕೇ ಅತಿ ಹೆಚ್ಚು ಸಮಯ ಹಿಡಿಯಿತು. ಅದನ್ನು ಮಾತ್ರ ಯಾರೂ ಬಿಡಬಾರದು, ಚೂಪು ಮೂಲೆ ಚರ್ಮವನ್ನು ಒಳಗಿನಿಂದ ಕತ್ತರಿಸಿಬಿಡುತ್ತದೆ.

ಆದರೆ ಕವಚ ಕಟ್ಟುತ್ತಾ ನಾನು ಜಾಸ್ತಿ ಯೋಚಿಸಿದ್ದು ಅಂದದ ಬಗ್ಗೆ ಅಲ್ಲ. ಕವಚ ಒಳ್ಳೆಯದಾದಷ್ಟೂ ಪೆಟ್ಟು ಗೊತ್ತಾಗುವುದಿಲ್ಲ. ಗೊತ್ತಾಗದ ಪೆಟ್ಟನ್ನು ಒಪ್ಪಿಕೊಳ್ಳುವುದು ಹೇಗೆ? ನಮ್ಮ ಇಡೀ ಪದ್ಧತಿಯ ಗಂಟು ಇರುವುದು ಇಲ್ಲೇ.

ನಿಯಮ ಇದಕ್ಕೆ ಒಂದು ಜಾಣ ದಾರಿ ಹುಡುಕಿದೆ. ನೀವು ನಿಜವಾಗಿ ಏನು ತೊಟ್ಟಿದ್ದೀರಿ ಎನ್ನುವುದು ಲೆಕ್ಕಕ್ಕಿಲ್ಲ. ಎಲ್ಲರೂ ಒಂದೇ ಬಗೆಯ ಕವಚ ತೊಟ್ಟಿದ್ದಾರೆ ಎಂದು ಭಾವಿಸಬೇಕು: ಮೆತ್ತೆ ಅಂಗಿಯ ಮೇಲೆ ಕಬ್ಬಿಣದ ಬಳೆಗಳ ಅಂಗಿ, ಕೈಕಾಲಿಗೆ ಗಟ್ಟಿ ಚರ್ಮ, ತಲೆಗೆ ಮುಖ ತೆರೆದ, ಮೂಗಿಗೆ ಮಾತ್ರ ಪಟ್ಟಿ ಇರುವ ಕಬ್ಬಿಣದ ಟೋಪಿ. ಈ ಕಲ್ಪನೆಯ ಕವಚವನ್ನು ದಾಟುವಂಥ ಪೆಟ್ಟೇ ಅಂತ ನೋಡಬೇಕು. ಮುಖ ತೆರೆದಿದೆ ಎಂದು ಭಾವಿಸಿರುವುದರಿಂದ ಮುಖಕ್ಕೆ ಮೊನೆಯಿಂದ ಹಗುರವಾಗಿ ತಿವಿದರೂ ಸಾಕಾಗುತ್ತದೆ. ಹಾಗಾಗಿ ತೆಳ್ಳಗೆ ತೊಟ್ಟವರಿಗೆ ನಷ್ಟ ಇಲ್ಲ, ದುಡ್ಡು ಸುರಿದು ದಪ್ಪ ಉಕ್ಕು ತೊಟ್ಟವರಿಗೆ ಲಾಭ ಇಲ್ಲ. ಕಾಗದದ ಮೇಲೆ ಇದು ಚೆನ್ನಾಗಿದೆ. ಕಣದಲ್ಲಿ ಅದನ್ನು ನಿಜ ಮಾಡುವ ಕೆಲಸ ನಮ್ಮ ಮೈ ಮತ್ತು ಮನಸ್ಸಿನದು.

ನಾನು ಕಲಿತ ರೀತಿ ಹೇಳುತ್ತೇನೆ. ಕವಚ ಪೂರ್ತಿ ತೊಟ್ಟು, ಗುರಾಣಿ ಕೆಳಗಿಟ್ಟು, ಸುಮ್ಮನೆ ನಿಲ್ಲುತ್ತಿದ್ದೆ. ನನಗೆ ಕಲಿಸಿದವರು ಒಂದೇ ಜಾಗಕ್ಕೆ ಹಗುರವಾಗಿ ಶುರುಮಾಡಿ ಬಲ ಏರಿಸುತ್ತಾ ಹೊಡೆಯುತ್ತಿದ್ದರು. ಪ್ರತಿ ಪೆಟ್ಟಿಗೂ ನಾನು ಜೋರಾಗಿ "ಲೈಟ್" ಅಥವಾ "ಗುಡ್" ಹೇಳಬೇಕು. ಆಮೇಲೆ ಅವರು ತಮ್ಮ ಅಭಿಪ್ರಾಯ ಹೇಳುತ್ತಿದ್ದರು. ಭುಜ, ಪಕ್ಕೆ, ತೊಡೆ, ತಲೆ, ಒಂದೊಂದು ಜಾಗಕ್ಕೂ ಒಂದೊಂದು ಹದ ಇದೆ. ತೊಡೆಗೆ ಬಿದ್ದದ್ದು ತಕ್ಷಣ ಗೊತ್ತಾಗುತ್ತದೆ. ಬೆನ್ನ ಹಿಂದಿನಿಂದ ಸುತ್ತಿ ಬರುವ ಪೆಟ್ಟು ತಗಡಿನ ಮೇಲೆ ಹರಡಿಹೋಗುತ್ತದೆ, ಅದು ಗೊತ್ತಾಗುವುದು ಮೈ ಮುಂದಕ್ಕೆ ಜಗ್ಗಿದಾಗ ಮಾತ್ರ.

ಕಿವಿಯನ್ನು ನಂಬಬಾರದು ಎಂದು ಆಗಲೇ ಕಲಿತೆ. ಹೆಲ್ಮೆಟ್‌ಗೆ ಸವರಿಕೊಂಡು ಹೋದ ಪೆಟ್ಟು ಗಂಟೆಯಂತೆ ಮೊಳಗುತ್ತದೆ, ನೋಡುವವರೆಲ್ಲ ಓಹ್ ಎನ್ನುತ್ತಾರೆ, ಆದರೆ ತಲೆ ಅಲುಗಿರುವುದಿಲ್ಲ. ನಿಜವಾಗಿ ಕೂತ ಪೆಟ್ಟಿನ ಸದ್ದು ಮಂಕಾಗಿರುತ್ತದೆ, ತಲೆ ಕುತ್ತಿಗೆ ಸಮೇತ ಸರಿಯುತ್ತದೆ. ಹೆಲ್ಮೆಟ್ ಒಳಗಿನ ಮೆತ್ತೆಯನ್ನು ತೀರಾ ದಪ್ಪ ಮಾಡಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನನ್ನ ಹೆಲ್ಮೆಟ್‌ನಲ್ಲಿ ತಲೆಗೆ ಗಟ್ಟಿಯಾಗಿ ಹೊಂದುವಷ್ಟು ಮೆತ್ತೆ ಇದೆ, ತಲೆ ಒಳಗೆ ಬೇರೆಯಾಗಿ ಅಲ್ಲಾಡುವುದಿಲ್ಲ. ಇದು ಸುರಕ್ಷತೆಗೂ ಒಳ್ಳೆಯದು, ಪ್ರಾಮಾಣಿಕತೆಗೂ ಒಳ್ಳೆಯದು.

ಈಗ ನನಗೆ ತುಂಬಾ ಮುಖ್ಯವಾದ ವಿಷಯ. ನಾನು ಹೆಣ್ಣು, ಎತ್ತರ ಐದಡಿ ಎರಡಿಂಚು. ಎಸ್‌ಸಿಎ ಕಣದಲ್ಲಿ ಹೆಂಗಸರಿಗೆ ಬೇರೆ ವಿಭಾಗ ಇಲ್ಲ, ತೂಕದ ವಿಭಾಗವೂ ಇಲ್ಲ. ಆರಡಿ ಮೀರಿದ ಗಂಡಸಿನ ಎದುರು ನಿಲ್ಲುತ್ತೇನೆ. ಶುರುವಿನಲ್ಲಿ ಕೆಲವರು ನನ್ನ ಹಗುರ ಪೆಟ್ಟಿಗೂ "ಗುಡ್" ಎಂದು ಬಿದ್ದುಬಿಡುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಅದು ನ್ಯಾಯ ಅಲ್ಲ. ಕರುಣೆಯಿಂದ ಕೊಟ್ಟ ಗೆಲುವು ನನ್ನನ್ನು ಎದುರಾಳಿಯೇ ಅಲ್ಲ ಎಂದು ಹೇಳಿದ ಹಾಗೆ, ಅಲ್ವಾ? ಅಂಥವರಿಗೆ ನಾನು ನೇರವಾಗಿ ಹೇಳುತ್ತೇನೆ: ಈ ಪೆಟ್ಟು ಸಾಲದು, ದಯವಿಟ್ಟು ಎದ್ದು ನಿಲ್ಲಿ, ಮುಂದುವರಿಸೋಣ. ಕೊಟ್ಟ ಪೆಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಹೊಡೆದವರಿಗೆ ಇದೆ. ಹೆಚ್ಚಿನವರು ಒಮ್ಮೆ ಹೇಳಿದ ಮೇಲೆ ಅರ್ಥಮಾಡಿಕೊಂಡಿದ್ದಾರೆ.

ಬಲ ಬರುವುದು ತೋಳಿನಿಂದ ಅಲ್ಲ. ಪಾದ ನೆಲವನ್ನು ಒತ್ತಬೇಕು, ಸೊಂಟ ತಿರುಗಬೇಕು, ಭುಜ ಹಿಂಬಾಲಿಸಬೇಕು, ಕೈ ಕೊನೆಗೆ ಬರಬೇಕು. ಇದನ್ನು ನೆಲಕ್ಕೆ ನೆಟ್ಟ, ಹಳೇ ಟೈರ್ ಕಟ್ಟಿದ ಕಂಬಕ್ಕೆ ಹೊಡೆದು ಹೊಡೆದು ಕಲಿಯುತ್ತೇವೆ. ರೋಮನ್ನರೂ ಹೊಸ ಸೈನಿಕರಿಗೆ ಕಂಬಕ್ಕೆ ಹೊಡೆಸಿಯೇ ಕಲಿಸುತ್ತಿದ್ದರು, ಅದೂ ನಿಜವಾದ ಕತ್ತಿಗಿಂತ ಎರಡು ಪಟ್ಟು ತೂಕದ ಮರದ ಕತ್ತಿಯಲ್ಲಿ. ಈಗ ನನ್ನ ಪೆಟ್ಟನ್ನು ಯಾರೂ ಕರುಣೆಯಿಂದ ಒಪ್ಪಬೇಕಾಗಿಲ್ಲ.

ಇನ್ನೊಂದು ತುದಿಯವರೂ ಇದ್ದಾರೆ. ಎಷ್ಟು ಗಟ್ಟಿಯಾಗಿ ಹೊಡೆದರೂ ಒಪ್ಪದವರು. ನಮ್ಮಲ್ಲಿ ಅವರನ್ನು 'ರೈನೋ' ಎನ್ನುತ್ತಾರೆ, ಘೇಂಡಾಮೃಗದ ಚರ್ಮ ಎಂಬ ಅರ್ಥದಲ್ಲಿ. ಎಲ್ಲರೂ ಮೋಸ ಮಾಡುವವರಲ್ಲ ಎಂದೇ ನಾನು ನಂಬಿದ್ದೇನೆ. ಹೋರಾಟದ ಬಿಸಿಯಲ್ಲಿ ಮೈ ನಿಜವಾಗಿ ಮರಗಟ್ಟಿರುತ್ತದೆ. ಒಮ್ಮೆ ಒಬ್ಬ ಎದುರಾಳಿ ಒಂದರ ಮೇಲೊಂದು ಒಳ್ಳೆಯ ಪೆಟ್ಟುಗಳನ್ನು "ಲೈಟ್" ಎಂದರು. ಇಂಥ ಕಡೆ ಹಲವರು ಇನ್ನೂ ಜೋರಾಗಿ ಹೊಡೆಯುತ್ತಾರೆ. ನಾನು ಅದನ್ನು ಮಾಡುವುದಿಲ್ಲ. ಹಾಗೆ ಮಾಡಿದರೆ ಇಬ್ಬರ ಹದವೂ ಏರುತ್ತಾ ಹೋಗಿ ಕೊನೆಗೆ ಯಾರದೋ ಮೂಳೆ ಮುರಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು, "ನಿಮಗೆ ಅದು ಎಲ್ಲಿ ತಾಗಿದಂತೆ ಅನ್ನಿಸಿತು?" ಎಂದು ಕೇಳಿದೆ. ಅವರು ಯೋಚಿಸಿದರು. ಪಕ್ಕೆಯ ತಗಡು ಸಡಿಲವಾಗಿ ಮೈಯಿಂದ ದೂರ ಜೋತಾಡುತ್ತಿತ್ತು, ಪೆಟ್ಟೆಲ್ಲ ಅಲ್ಲೇ ನಿಲ್ಲುತ್ತಿತ್ತು. ಪಟ್ಟಿ ಬಿಗಿ ಮಾಡಿಕೊಂಡರು. ಮುಂದಿನದನ್ನು ತಾವೇ ಒಪ್ಪಿದರು. ಕೇಳಿಯೂ ಸರಿಹೋಗದಿದ್ದರೆ ಮಾರ್ಷಲ್ ಹತ್ತಿರ ಮೆಲ್ಲಗೆ ಹೇಳುತ್ತೇನೆ. ಎಲ್ಲರ ಮುಂದೆ ಕೂಗಾಡುವುದು ನಮ್ಮ ಕ್ರಮ ಅಲ್ಲ.

ಎಸ್‌ಸಿಎಯ ದೊಡ್ಡ ಕೂಟವಾದ ಪೆನ್ಸಿಕ್ ಯುದ್ಧಕ್ಕೂ ಹೋಗಿ ಬಂದಿದ್ದೇನೆ. 1972ರಲ್ಲಿ ಶುರುವಾದದ್ದು, ಈಗ ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾದ ಸ್ಲಿಪರಿ ರಾಕ್ ಹತ್ತಿರ ಸಾವಿರಾರು ಜನ ಡೇರೆ ಹಾಕಿ ಸೇರುತ್ತಾರೆ. ಒಂದೇ ಬಯಲಿನಲ್ಲಿ ನೂರಾರು ಜನ ಎದುರುಬದುರು. ಅಲ್ಲಿ ಯಾರ ಈಟಿ ತಾಗಿತು ಎನ್ನುವುದೇ ಕಾಣುವುದಿಲ್ಲ. ಆದರೂ ತಾಗಿದವರು ಆಯುಧವನ್ನು ತಲೆಯ ಮೇಲೆ ಹಿಡಿದು ಸಾಲಿನಿಂದ ಹೊರಗೆ ನಡೆದುಬಿಡುತ್ತಾರೆ. ಯಾರೂ ಕೇಳುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಹಾಗೆ ಸಾಲು ಸಾಲಾಗಿ ಜನ ಹೊರಗೆ ನಡೆಯುವುದನ್ನು ನೋಡಿದಾಗ ನನಗೆ ಈ ಪದ್ಧತಿಯ ಮೇಲೆ ಪೂರ್ತಿ ನಂಬಿಕೆ ಬಂತು. ಉಕ್ಕಿನ ಆಯುಧ ಹಿಡಿದು ಆಡುವ ಬುಹುರ್ಟ್ ಎಂಬ ಬೇರೆ ಬಗೆಯ ಪಂದ್ಯಗಳಲ್ಲಿ ನೆಲಕ್ಕೆ ಬಿದ್ದವರು ಹೊರಗೆ, ಅದನ್ನು ನೋಡುವುದು ರೆಫರಿ. ಅದಕ್ಕೂ ಅದರದೇ ಸೊಗಸು ಇದೆ. ನನಗೆ ಬೇಕಾದದ್ದು ಮಾತ್ರ ಇಲ್ಲಿದೆ.

ಹಳಬರು ಇದನ್ನೆಲ್ಲ ಹೇಗೆ ನೋಡುತ್ತಿದ್ದರು? ಫ್ರಾನ್ಸಿನ ಆಂಜೂ ಪ್ರಾಂತ್ಯದ ಡ್ಯೂಕ್ ರೆನೆ 1460ರ ಸುಮಾರಿಗೆ ಟೂರ್ನಮೆಂಟ್ ನಡೆಸುವ ಕ್ರಮವನ್ನು ಬರೆಸಿದ. ಆಯುಧ ಮೊಂಡು ಕತ್ತಿ ಮತ್ತು ಮರದ ಗದೆ. ಮುಖಕ್ಕೆ ಜಾಲರಿ, ನಮ್ಮದಕ್ಕೆ ತುಂಬಾ ಹತ್ತಿರ. ಹೋರಾಡುವವರು ಮೊದಲು ಪ್ರಮಾಣ ಮಾಡಬೇಕಿತ್ತು: ಬೇಕಂತ ಕತ್ತಿಯ ಮೊನೆಯಿಂದ ತಿವಿಯುವುದಿಲ್ಲ, ಸೊಂಟದ ಕೆಳಗೆ ಹೊಡೆಯುವುದಿಲ್ಲ, ಯಾರದಾದರೂ ಹೆಲ್ಮೆಟ್ ಬಿದ್ದರೆ ಅದನ್ನು ಮತ್ತೆ ಹಾಕಿಕೊಳ್ಳುವವರೆಗೆ ಅವರನ್ನು ಮುಟ್ಟುವುದಿಲ್ಲ. ನಮ್ಮ "ಹೋಲ್ಡ್" ಇದರ ಮೊಮ್ಮಗು ಎಂದೇ ನನ್ನ ಭಾವನೆ.

ವಿಜಯನಗರದ ಕಥೆ ಬೇರೆ. ಪಾಯಸ್ ಬಂದು ಹೋದ ಸ್ವಲ್ಪ ವರ್ಷಕ್ಕೆ ಬಂದ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್, ಅಲ್ಲಿ ದ್ವಂದ್ವಯುದ್ಧ ಮಾಡಿದವರಿಗೆ ದೊಡ್ಡ ಗೌರವ ಸಿಗುತ್ತಿತ್ತು, ಸತ್ತವನ ಆಸ್ತಿ ಉಳಿದವನಿಗೆ ಹೋಗುತ್ತಿತ್ತು ಎಂದು ಬರೆದಿದ್ದಾನೆ. ಆದರೆ ಮಂತ್ರಿಯ ಅನುಮತಿ ಕೇಳದೆ ಯಾರೂ ಹೋರಾಡುವಂತಿರಲಿಲ್ಲ. ಆ ವೇಷ ತೊಟ್ಟಾಗ ಈ ಸಾವಿನ ಲೆಕ್ಕವೂ ನನಗೆ ನೆನಪಿರುತ್ತದೆ. ನಾವು ಆಡುತ್ತಿರುವುದು ಆ ಕಾಲದ ಗೌರವದ ಒಂದು ಭಾಗವನ್ನು ಮಾತ್ರ. ಅದರ ರಕ್ತವನ್ನು ಬಿಟ್ಟಿದ್ದೇವೆ, ಅದು ಸರಿಯೇ.

ಅಮೆರಿಕದಲ್ಲಿರುವ ಕನ್ನಡಿಗರು ಕೆಲವರು ಹೇಗೆ ಸೇರುವುದು ಎಂದು ಕೇಳುತ್ತಾರೆ. ಹತ್ತಿರದ ಅಭ್ಯಾಸಕ್ಕೆ ಸುಮ್ನೆ ಹೋಗಿ ನೋಡಿ. ಸಾಮಾನ್ಯವಾಗಿ ಎರವಲು ಕವಚ ಇರುತ್ತದೆ, ಒಳ್ಳೆಯ ಶೂ ಮತ್ತು ನೀರು ತಂದರೆ ಸಾಕು. ಟೂರ್ನಮೆಂಟ್‌ಗೆ ಇಳಿಯುವ ಮುಂಚೆ ಮಾರ್ಷಲ್‌ಗಳ ಎದುರು ಪರೀಕ್ಷೆ ಇದೆ. ಅಲ್ಲಿ ಗೆಲ್ಲಬೇಕಾಗಿಲ್ಲ. ಸುರಕ್ಷಿತವಾಗಿ ಹೊಡೆಯುತ್ತೀರಾ, ಬಿದ್ದ ಪೆಟ್ಟನ್ನು ಸರಿಯಾಗಿ ಹೇಳುತ್ತೀರಾ ಎಂದು ನೋಡುತ್ತಾರೆ. ಹೆಲ್ಮೆಟ್ ಕೊಳ್ಳಲು ಅವಸರ ಬೇಡ. ಕೆಲವು ತಿಂಗಳು ಬೇರೆಯವರದ್ದು ಹಾಕಿ ಹೋರಾಡಿ, ಯಾವುದರಲ್ಲಿ ಪೆಟ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ ನೋಡಿ, ಅದರ ಅಳತೆ ಮತ್ತು ಒಳಗಿನ ಮೆತ್ತೆಯ ದಪ್ಪ ಬರೆದಿಟ್ಟುಕೊಳ್ಳಿ. ಆಮೇಲೆ ನಿಮ್ಮದನ್ನು ಮಾಡಿಸಿ.