ಕಬ್ ಕೆಡೆಟ್ 122: ಕೊನೆಗೂ ಕ್ಲಚ್ ಹಿಡೀತು

ನನ್ನ ಕಬ್ ಕೆಡೆಟ್ ಪುಟ್ಟ ಗಾರ್ಡನ್ ಟ್ರ್ಯಾಕ್ಟರ್‌ದು ಮೂರು ಚಳಿಗಾಲ ಇದೇ ಗೋಳು. ಹಿಮ ತಳ್ಳೋ ಬ್ಲೇಡ್ ಹಾಕ್ಕೊಂಡು ಡ್ರೈವ್‌ವೇ ಏರು ಹತ್ತಿಸಿದ್ರೆ ಇಂಜಿನ್ ಕಿರುಚುತ್ತೆ, ಗಾಡಿ ನಿಂತಲ್ಲೇ ನಿಂತಿರುತ್ತೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು ಮಾಡಿದ್ದ 1966ರ ಗಾಡಿ, ಇಲ್ಲೇ ಓಹಾಯೋದ ಹಳೇ ಕೊಟ್ಟಿಗೆಯೊಂದರಿಂದ 400 ಡಾಲರ್ ಕೊಟ್ಟು ತಂದಿದ್ದೆ. 12 ಎಚ್‌ಪಿ ಕೋಹ್ಲರ್ ಇಂಜಿನ್‌ಗೆ ಬೋರ್ ಮಾಡಿಸಿ, ಪೇಂಟ್ ಹೊಡೆದು ಎಲ್ಲಾ ಮುಗಿದ್ಮೇಲೂ ಕ್ಲಚ್ ಮಾತ್ರ ದಾರಿಗೆ ಬರ್ಲಿಲ್ಲ. ಗೇರ್ ಗಾಡಿ ಬಿಟ್ಟು ಎಣ್ಣೆ ಒತ್ತಡದಲ್ಲಿ ಓಡೋ ಹೈಡ್ರೋ ಗಾಡಿ ತಗೋ ಅಂದ್ರು ಇಲ್ಲಿನ ಹಳಬರು.

ಮೊದಲ ಸಲ ಅಗ್ಗದ ಕ್ಲಚ್ ಡಿಸ್ಕ್ ಹಾಕ್ದೆ, 35 ಡಾಲರ್ ಇರ್ಬೇಕು, ಒಂದೇ ಸೀಸನ್‌ಗೆ ಲೈನಿಂಗ್ ಕಿತ್ಕೊಂಡು ಬಂತು. ಆಮೇಲೆ ಎಲ್ಲರೂ ಹೇಳೋ ಹಾಗೆ ಗಟ್ಟಿ ಸ್ಪ್ರಿಂಗ್ ಹಾಕ್ದೆ. ಪೆಡಲ್ ತುಳಿದು ತುಳಿದು ಮಂಡಿ ನೋವು ಬಂತು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ಥ್ರೋಔಟ್ ಬೇರಿಂಗ್ ಬೇಸಿಗೆ ಮುಗಿಯೋಷ್ಟರಲ್ಲಿ ಹೋಯ್ತು, ಸ್ಲಿಪ್ ಆಗೋದು ಮಾತ್ರ ಹಾಗೇ ಇತ್ತು. ಮಧ್ಯೆ ಬ್ರೇಕ್ ಲೈನಿಂಗ್ ಕತ್ತರಿಸಿ ರಿವೆಟ್ ಹೊಡೆದೂ ನೋಡ್ದೆ, ಊರಲ್ಲಿ ಅಪ್ಪ ಪವರ್ ಟಿಲ್ಲರ್‌ಗೆ ಇಂಥ ರಿಪೇರಿ ಎಷ್ಟೋ ಮಾಡ್ತಿದ್ರು, ಆದ್ರೆ ಇದ್ರಲ್ಲಿ ವಾಸನೆ ಬಂತೇ ಹೊರತು ಹಿಡಿತ ಬರ್ಲಿಲ್ಲ.

ಕೊನೆಗೆ ಕ್ಲಚ್ ಶಾಫ್ಟ್ ಪೂರ್ತಿ ಹೊರಗೆ ತೆಗೆದು ಕೂತು ನೋಡಿದಾಗ ಗೊತ್ತಾಯ್ತು. ಶಾಫ್ಟ್‌ನ ಪಿನ್ ತೂತುಗಳೆಲ್ಲ ಮೊಟ್ಟೆ ಆಕಾರಕ್ಕೆ ಬಂದಿದ್ವು, ಡಿಸ್ಕ್ ತಿರುಗಿಸೋ ಡ್ರೈವರ್ ಅನ್ನೋ ಭಾಗದ ಮೂರೂ ಪಿನ್ನಲ್ಲಿ ಬೆರಳಿಗೆ ಸಿಗೋ ಹಾಗೆ ಗುಳಿ ಬಿದ್ದಿತ್ತು, ಡಿಸ್ಕ್ ಆ ಗುಳೀಲಿ ಸಿಕ್ಕಾಕ್ಕೊಂಡು ಜರುಗ್ತಾನೇ ಇರ್ಲಿಲ್ಲ. ಡಿಸ್ಕನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟೂ ಸೊಟ್ಟ. ಹೀಗಿರುವಾಗ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿ ಏನು ಪ್ರಯೋಜನ?

ಹಳೇ ತೂತು ವೆಲ್ಡ್ ಮಾಡಿ ಮುಚ್ಚಿ, ಅದಕ್ಕೆ 90 ಡಿಗ್ರಿ ತಿರುಗಿಸಿ ಹೊಸದು ಕೊರೆಸ್ದೆ. ಲೇತ್‌ನವ್ನು 80 ಡಾಲರ್ ತಗೊಂಡ, ಎರಡೂ ಪ್ರೆಶರ್ ಪ್ಲೇಟ್‌ಗೆ ಫೇಸಿಂಗ್ ಹೊಡೆದು ಮುಖ ಸಮ ಮಾಡೋದೂ ಸೇರಿ. ಹೊಸ ಡ್ರೈವರ್, ಅದರ ಬುಷ್, ಒಳ್ಳೇ ಡಿಸ್ಕ್, ಬೇರಿಂಗ್, ಎಲ್ಲಾ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 260 ಆಯ್ತು. ಸ್ಪ್ರಿಂಗ್ ಕಂಪನಿದಕ್ಕಿಂತ ಸ್ವಲ್ಪ ಗಟ್ಟಿ ಇರೋದು ಸಾಕು. ಕ್ಲಚ್ ಬಿಡಿಸೋ ಲಿವರ್‌ಗೂ ಥ್ರೋಔಟ್ ಬೇರಿಂಗ್‌ಗೂ ನಡುವೆ ಐವತ್ತು ಥೌ (ಇಂಚಿನ ಸಾವಿರದಲ್ಲಿ ಐವತ್ತು ಭಾಗ) ಗ್ಯಾಪ್ ಬಿಡಿ, ಕಮ್ಮಿ ಮಾಡಿದ್ರೆ ಬೇರಿಂಗ್ ಉಳಿಯಲ್ಲ. ಪ್ಲೇಟ್ ಮೇಲೆ ಕೊನೇಲಿ ಒಂದು ಕೆಲಸ ಮಾಡಿದ್ದೀನಿ, ಅದು ಇನ್ನೊಂದು ಚಳಿಗಾಲ ತಾಳಲಿ, ಆಮೇಲೆ ಹೇಳ್ತೀನಿ.

ಜನವರೀಲಿ ಒಂದಡಿ ಹಿಮ ಬಿತ್ತು. ಎರಡನೇ ಗೇರಲ್ಲಿ ಬ್ಲೇಡ್ ಇಳಿಸಿ ಏರು ಹತ್ತಿಸ್ದೆ, ಚಕ್ರದ ಚೈನ್ ಜಾರಿತು, ಕ್ಲಚ್ ಜಾರಲಿಲ್ಲ. ಹೈಡ್ರೋ ತಗೋ ಅಂದಿದ್ದ ಪಕ್ಕದ ಮನೆ ಅಜ್ಜ ಹೊರಗೆ ಬಂದು ನೋಡ್ಕೊಂಡು ನಿಂತ್ರು, ಅವರ ಡ್ರೈವ್‌ವೇನೂ ನಾನೇ ತಳ್ಳಿಕೊಟ್ಟೆ.